ಗುಡುಗು ಇಳಿದ ಘಾಟಿ

ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಕರೆಂಟು ತಂತಿ ಎಳೆದಾಯಿತು. ಇನ್ನು ಸುರಂಗದಲ್ಲಿ ಹೊಗೆ ಇಲ್ಲ, ಎಣ್ಣೆ ವಾಸನೆ ಇಲ್ಲ. ಬೆಟ್ಟವನ್ನೇ ನಡುಗಿಸುತ್ತಿದ್ದ ಡೀಸೆಲ್ ಎಂಜಿನ್ನಿನ ಸದ್ದೂ ಇಲ್ಲ. ಉಗಿಬಂಡಿಗಾಗಿ ಕಣ್ಣೀರಿಟ್ಟ ನಾವು ಈ ಸದ್ದಿನ ವಿಷಯದಲ್ಲಿ ಯಾಕೆ ಸುಮ್ಮನಿದ್ದೇವೆ?

ಎಡಕುಮೇರಿಯಲ್ಲಿ ರೈಲು ನಿಂತರೆ ಇಳಿಯುವವರು ಕಡಿಮೆ. ಇಳಿದು ಹೋಗಲು ಅಲ್ಲಿ ಊರಿದ್ದರೆ ತಾನೆ? ಒಂದು ಪಕ್ಕ ಕಡಿದು ನಿಲ್ಲಿಸಿದ ಬಂಡೆ, ಇನ್ನೊಂದು ಪಕ್ಕ ಕಾಡು ಇಳಿದೂ ಇಳಿದೂ ಹೊಳೆ ಸೇರುವ ಕಮರಿ. ನಡುವೆ ಪಾಚಿ ಹಿಡಿದ ನಿಲ್ದಾಣ, ಹಳದಿ ಬೋರ್ಡು, ಬಿಡದ ಮಳೆ.

ಕೆಲವು ಮಳೆಗಾಲಗಳ ಹಿಂದಿನ ಒಂದು ಮಧ್ಯಾಹ್ನ. ನಮ್ಮ ಹಗಲು ಗಾಡಿ ಲೂಪ್ ಲೈನಿಗೆ ಸರಿದು ನಿಂತು ಇಪ್ಪತ್ತು ನಿಮಿಷವಾಗಿತ್ತು. "ಕ್ರಾಸಿಂಗು" ಎಂದರು ಎದುರು ಸೀಟಿನ ಹಿರಿಯರು, ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾ. ಘಾಟಿಯಲ್ಲಿರುವುದು ಒಂದೇ ಹಳಿ. ಕೆಳಗಿನಿಂದ ಭಾರ ಹೊತ್ತು ಹತ್ತಿ ಬರುವವನಿಗೆ ಇಳಿಯುವವನು ದಾರಿ ಬಿಟ್ಟುಕೊಟ್ಟಿದ್ದ.

ಪ್ಲಾಟ್‌ಫಾರಂ ಮೇಲೆ ಮುದುಡಿ ಮಲಗಿದ್ದ ಕಂದು ನಾಯಿಯೊಂದು ತಲೆಯೆತ್ತಿತು. ಎದ್ದು ಮೈ ಕೊಡವಿ, ಗೋಡೆ ಪಕ್ಕಕ್ಕೆ ಹೋಗಿ ನಿಂತಿತು. ನಮಗೆ ಇನ್ನೂ ಏನೂ ಕೇಳಿಸಿರಲಿಲ್ಲ.

ಆಮೇಲೆ ಬಂತು. ಮೊದಲು ಕಿವಿಗಲ್ಲ, ಪಾದಕ್ಕೆ. ಬೋಗಿಯ ನೆಲ ಸಣ್ಣಗೆ ಜುಮ್ಮೆಂದಿತು. ಮಳೆಯ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು, ಎಲ್ಲೋ ದೂರದಲ್ಲಿ ಯಾರೋ ದೊಡ್ಡ ಬೀಸುವ ಕಲ್ಲು ತಿರುಗಿಸಿದಂತೆ. ಸುರಂಗ ಹೊಕ್ಕಾಗ ಮಾಯ, ಹೊರಬಿದ್ದಾಗ ಮತ್ತೆ ಹಾಜರ್. ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ, ಒಮ್ಮೆ ಎದುರು ಗುಡ್ಡಕ್ಕೆ ಹೊಡೆದು ತಿರುಗಿ.

ನಾನು ಫೋನು ತೆಗೆದು ರೆಕಾರ್ಡ್ ಒತ್ತಿದೆ. "ವಿಡಿಯೋನಾ?" ಹಿರಿಯರು ಕೇಳಿದರು. "ಅಲ್ಲ, ಬರೀ ಸದ್ದು." ಅವರು ಕನಿಕರದಿಂದ ನೋಡಿ ಚಿತ್ರಾನ್ನಕ್ಕೆ ಮರಳಿದರು.

ಗೂಡ್ಸ್ ಗಾಡಿ ಬಂದದ್ದು ಎಷ್ಟೋ ನಿಮಿಷಗಳ ಮೇಲೆ. ಮುಂದೆ ಎರಡು ಎಂಜಿನ್, ಆಮೇಲೆ ಮುಗಿಯದ ವ್ಯಾಗನ್ನುಗಳ ಸಾಲು, ಹಿಂದಿನಿಂದ ಹೆಗಲು ಕೊಟ್ಟು ನೂಕುವ ಮೂರು ಎಂಜಿನ್. ವೇಗ ನೋಡಿದರೆ ಜೊತೆಗೆ ನಡೆದುಕೊಂಡೇ ಹೋಗಬಹುದಿತ್ತು. ಕಿಟಕಿಯ ಸರಳು ಹಿಡಿದರೆ ಕೈ ಝುಮ್ಮೆನ್ನುತ್ತಿತ್ತು. ಬೋಗಿಯ ಮಾತೆಲ್ಲ ನಿಂತುಹೋಗಿತ್ತು.

ಐವತ್ತು ಹೆಜ್ಜೆಗೆ ಒಂದು ಮೆಟ್ಟಿಲು

ಆ ಸದ್ದಿಗೆ ಈಗ ವಿದಾಯದ ಕಾಲ. 2025ರ ಡಿಸೆಂಬರ್ ಕೊನೆಯಲ್ಲಿ ವಿದ್ಯುತ್ ಎಂಜಿನ್ನೊಂದು ಈ ಘಾಟಿಯಲ್ಲಿ ಪರೀಕ್ಷಾರ್ಥವಾಗಿ ಓಡಿತು. ಅದರೊಂದಿಗೆ ಬೆಂಗಳೂರಿನಿಂದ ಮಂಗಳೂರಿನವರೆಗಿನ ಇಡೀ ದಾರಿಗೆ ತಂತಿ ಕೂಡಿತು. ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಆಗಲೇ ವಿದ್ಯುತ್ತಿಗೆ ಒಳಪಟ್ಟಿದ್ದವು. ನಮ್ಮ ಘಾಟಿ ಉಳಿದಿದ್ದ ಕೊನೆಯ ಕಠಿಣ ತುಂಡುಗಳಲ್ಲಿ ಒಂದು.

ಕಠಿಣ ಯಾಕೆಂದರೆ ಅದರ ಹುಟ್ಟೇ ಹಾಗೆ. ಸಕಲೇಶಪುರ ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಆಸುಪಾಸಿನಲ್ಲಿದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವ ನೆಟ್ಟಣ ಅದಕ್ಕಿಂತ ಮುಕ್ಕಾಲು ಕಿಲೋಮೀಟರಿನಷ್ಟು ಕೆಳಗೆ. ನಡುವಿನ 55 ಕಿಲೋಮೀಟರಿನಲ್ಲಿ ಆ ಎತ್ತರವನ್ನೆಲ್ಲ ಕರಗಿಸಬೇಕು. ಎಂಜಿನಿಯರುಗಳ ಲೆಕ್ಕದಲ್ಲಿ ಅತಿ ಕಡಿದಾದ ಕಡೆ ಇದು ಐವತ್ತಕ್ಕೆ ಒಂದು: ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು.

ಕೇಳುವುದಕ್ಕೆ ಏನೂ ಅಲ್ಲ. ಶಿರಾಡಿ ಘಾಟಿಯ ರಸ್ತೆಯಲ್ಲಿ ಲಾರಿಗಳು ಇದಕ್ಕಿಂತ ಕಡಿದಾದ ಏರನ್ನು ಹತ್ತುತ್ತವೆ. ಆದರೆ ಲಾರಿಯ ಕಾಲಡಿ ಇರುವುದು ರಬ್ಬರು. ರೈಲಿನದು ಉಕ್ಕಿನ ಮೇಲೆ ಉಕ್ಕು. ಒಂದು ಚಕ್ರ ಹಳಿಯನ್ನು ಮುಟ್ಟುವ ಜಾಗ ನಾಣ್ಯವೊಂದರಷ್ಟು. ಅದರ ಮೇಲೆ ಮಳೆ, ಕೊಳೆತ ಎಲೆ, ಪಾಚಿ. ಚಕ್ರ ತಿರುಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಅದಕ್ಕೇ ಎಂಜಿನ್ನಿನ ಹೊಟ್ಟೆಯಲ್ಲಿ ಮರಳು ತುಂಬಿಟ್ಟಿರುತ್ತಾರೆ. ಲೋಕೋ ಪೈಲಟ್ ಗುಂಡಿಯೊತ್ತಿದರೆ ಚಕ್ರದ ಮುಂದೆ ಸಣ್ಣ ಧಾರೆಯಾಗಿ ಮರಳು ಬೀಳುತ್ತದೆ. ಲಕ್ಷಾಂತರ ರೂಪಾಯಿಯ ಎಲೆಕ್ಟ್ರಾನಿಕ್ಸ್ ಇದ್ದರೂ ಕೊನೆಗೆ ಕೈ ಹಿಡಿಯುವುದು ಬೊಗಸೆ ಮರಳು.

1979ರಲ್ಲಿ ಮೀಟರ್‌ಗೇಜ್ ಹಳಿಯಾಗಿ ಶುರುವಾದ ಈ ದಾರಿಯನ್ನು ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿದರು. ಬ್ರಾಡ್‌ಗೇಜ್ ಮೇಲೆ ಗೂಡ್ಸ್ ಗಾಡಿ ಬಂದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಕರಾವಳಿಗೂ ಬೆಂಗಳೂರಿಗೂ ಈ ದಾರಿಯಲ್ಲಿ ಪ್ರಯಾಣಿಕರ ರೈಲೇ ಇರಲಿಲ್ಲ. ಒಂದನೇ ಕ್ಲಾಸಿಗೆ ಸೇರಿದ ಹುಡುಗಿ ಪಿಯುಸಿ ಬಾಗಿಲು ತಲುಪುವಷ್ಟು ಕಾಲ. ಕರಾವಳಿಯವರ ರಾತ್ರಿ ಬಸ್ಸಿನ ಅಭ್ಯಾಸ ಗಟ್ಟಿಯಾದದ್ದು ಆಗಲೇ ಇರಬೇಕು.

ತಂತಿ ಎಳೆಯುವ ಕೆಲಸಕ್ಕೂ ಬೆಲೆ ತೆತ್ತಿದ್ದೇವೆ. 2025ರಲ್ಲಿ ತಿಂಗಳುಗಟ್ಟಲೆ ಹಗಲು ರೈಲುಗಳು ರದ್ದಾಗಿದ್ದವು. ಬಯಲು ಸೀಮೆಯಲ್ಲಾದರೆ ಗುಂಡಿ ತೋಡಿ ಕಂಬ ನೆಟ್ಟು ಮುಂದೆ ಹೋಗಬಹುದು. ಇಲ್ಲಿ ಒಂದು ಸುರಂಗ ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು. ಅದರ ಚಾವಣಿಯ ಬಂಡೆಗೆ ಬ್ರಾಕೆಟ್ ಕಚ್ಚಿಸಬೇಕು. ಆ ಬಂಡೆ ಭಾರ ತಡೆಯುತ್ತದೋ ಇಲ್ಲವೋ ಎಂದು ಎಳೆದು ಪರೀಕ್ಷಿಸಬೇಕು. ತಿರುವಿನಲ್ಲಿ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸದಿದ್ದರೆ ತಂತಿ ಹಳಿಯ ನೆತ್ತಿ ಬಿಟ್ಟು ಆಚೆ ಹೋಗುತ್ತದೆ. ಗುಡ್ಡವಂತೂ ಯಾರ ಮಾತನ್ನೂ ಕೇಳುವುದಿಲ್ಲ. 2024ರ ಜುಲೈ 26ರಂದು ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಎರಡು ವಾರ ಸಂಚಾರ ನಿಂತಿತ್ತು.

ಬಾಕ್ಸ್ | ಘಾಟಿ ಲೆಕ್ಕ

ಉದ್ದ: ಸುಮಾರು 55 ಕಿ.ಮೀ.

ಸುರಂಗ: 57. ಮಕ್ಕಳು ಎಣಿಸಿದರೆ ಐವತ್ತರಿಂದ ಅರವತ್ತೈದರ ನಡುವೆ ಎಷ್ಟೂ ಆಗಬಹುದು.

ಸೇತುವೆ: ನೂರಕ್ಕೂ ಹೆಚ್ಚು.

ನಿಲ್ದಾಣ: ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು.

ತಂತಿಯಲ್ಲಿ ಹರಿಯುವುದು: 25,000 ವೋಲ್ಟ್.

ಹೋಲಿಕೆಗೆ: ದೂಧ್‌ಸಾಗರದ ಪಕ್ಕ ಇಳಿಯುವ ಕ್ಯಾಸಲ್‌ರಾಕ್–ಕುಳೆಂ ಘಾಟಿಯ ಏರು 37ಕ್ಕೆ 1.

ಬೆನ್ನ ಮೇಲೆ ಪವರ್‌ಹೌಸು

ಡೀಸೆಲ್ ಎಂಜಿನ್ ಎಂದರೆ ಡೀಸೆಲ್ ನೇರವಾಗಿ ಚಕ್ರ ತಿರುಗಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಳಗಿರುವುದು ಹಡಗಿಗೆ ಸಾಲುವಷ್ಟು ದೊಡ್ಡ ಡೀಸೆಲ್ ಯಂತ್ರ. ಅದು ತಿರುಗಿಸುವುದು ಜನರೇಟರನ್ನು. ಜನರೇಟರಿನ ಕರೆಂಟು ಕೆಳಗೆ ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳಿಗೆ ಹೋಗುತ್ತದೆ. ಅಂದರೆ ಇಷ್ಟು ದಿನ ಘಾಟಿ ಹತ್ತುತ್ತಿದ್ದದ್ದೂ ವಿದ್ಯುತ್ ರೈಲೇ. ಪವರ್‌ಹೌಸನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತುತ್ತಿತ್ತು, ಅಷ್ಟೇ. ಈಗ ಹೊರೆ ಇಳಿಸಿದೆ; ಪವರ್‌ಹೌಸು ಎಲ್ಲೋ ಇದೆ, ಕರೆಂಟು ತಂತಿಯಲ್ಲಿ ಬರುತ್ತದೆ.

ನಾವು ಕೇಳುತ್ತಿದ್ದ ಗುಡುಗು ಆ ಹೊರೆಯದು.

ಅದರಲ್ಲೂ ಎರಡು ಜಾತಿ. ಹಳೆಯದು ಆಲ್ಕೊ. ಅಮೆರಿಕದ ಈ ಕಂಪನಿಯ ವಿನ್ಯಾಸವನ್ನು ನಾವು 1960ರ ದಶಕದ ಆರಂಭದಲ್ಲಿ ತಂದೆವು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಿಂದ ಮೊದಲ ಎಂಜಿನ್ ಹೊರಬಂತು. ಆಲ್ಕೊ ಕಂಪನಿ 1969ರಲ್ಲಿ ಅಮೆರಿಕದಲ್ಲಿ ಎಂಜಿನ್ ಮಾಡುವುದನ್ನೇ ನಿಲ್ಲಿಸಿತು. ಅದರ ಸದ್ದು ಮಾತ್ರ ಇನ್ನೂ ದಶಕಗಟ್ಟಲೆ ಭಾರತದ ಹಳಿಗಳ ಮೇಲೆ ಬದುಕಿತು. ತವರಿನಲ್ಲಿ ಮರೆತ ಹಾಡನ್ನು ಗಂಡನ ಮನೆಯಲ್ಲಿ ಹೇಳಿಕೊಳ್ಳುತ್ತಾರಲ್ಲ, ಹಾಗೆ.

ನಿಂತಾಗ ಅದು ಗೊಣಗುತ್ತಿತ್ತು. ಗುಡು... ಗುಡು... ಗುಡು... ಒಂದೊಂದು ಬಡಿತವನ್ನೂ ಎಣಿಸಬಹುದಿತ್ತು. ಹೊರಡುವಾಗ ಪೈಲಟ್ ನಾಚ್, ಅಂದರೆ ಶಕ್ತಿಯ ಮೆಟ್ಟಿಲು, ಏರಿಸಿದ ತಕ್ಷಣ ನೆತ್ತಿಯಿಂದ ಕಪ್ಪು ಹೊಗೆ ಬುಸ್ಸೆಂದು ಏಳುತ್ತಿತ್ತು. ಅದಕ್ಕೂ ಕಾರಣವಿದೆ. ನಾಚ್ ಏರಿಸಿದರೆ ಎಣ್ಣೆ ಕೂಡಲೇ ಹೆಚ್ಚುತ್ತದೆ, ಆದರೆ ಗಾಳಿ ತುಂಬುವ ಟರ್ಬೊ ತಿರುಗಿ ವೇಗ ಹಿಡಿಯಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳಲ್ಲಿ ಎಣ್ಣೆ ಅರೆಬರೆ ಸುಟ್ಟು ಮಸಿಯಾಗುತ್ತದೆ. ಆಮೇಲೆ ಟರ್ಬೊ ಶಿಳ್ಳೆ ಹೊಡೆಯತೊಡಗುತ್ತದೆ, ಹೊಗೆ ತಿಳಿಯಾಗುತ್ತದೆ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹಳಿ ಪಕ್ಕದ ಮನೆಯವರಿಗೆ ಈ ವಿಜ್ಞಾನ ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡನೆಯದು ಇಎಂಡಿ, ಅದೂ ಅಮೆರಿಕದ ಕಂಪನಿಯದೇ. 1990ರ ದಶಕದ ಕೊನೆಯಲ್ಲಿ 4,000 ಅಶ್ವಶಕ್ತಿಯ ಈ ಎಂಜಿನ್ನುಗಳು ಭಾರತಕ್ಕೆ ಬಂದಾಗ ಅವಕ್ಕೆ ಮೊದಲ ಮನೆ ಕೊಟ್ಟದ್ದು ನಮ್ಮ ಹುಬ್ಬಳ್ಳಿ ಶೆಡ್. ಬಳ್ಳಾರಿ–ಹೊಸಪೇಟೆಯ ಅದಿರು, ಗೋವಾ ಘಾಟಿಯ ಏರು, ಎರಡಕ್ಕೂ ಇಂಥ ಕಸುವು ಬೇಕಿತ್ತು. ಆಲ್ಕೊ ಬಡಿದರೆ ಇಎಂಡಿ ಮೊರೆಯುತ್ತದೆ. ಎಡಕುಮೇರಿಯಲ್ಲಿ ನನ್ನ ಪಾದಕ್ಕೆ ತಾಕಿದ್ದು ಅದೇ ಮೊರೆತ. ದೇಶದ ಯಾವುದೋ ಮೂಲೆಯ ನಿಲ್ದಾಣದಲ್ಲಿ ನಿಂತ ಎಂಜಿನ್ನಿನ ಮೈಮೇಲೆ "ಹುಬ್ಬಳ್ಳಿ" ಎಂದು ಬರೆದದ್ದು ಕಂಡು, ಊರವರು ಸಿಕ್ಕಂತೆ ಹಿಗ್ಗಿದವರಲ್ಲಿ ನಾನೂ ಒಬ್ಬ.

ತಂತಿ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ವಿದ್ಯುತ್ ಎಂಜಿನ್ ಒಂದೊಂದಕ್ಕೂ 6,000 ಅಶ್ವಶಕ್ತಿ. ಸುರಂಗದಲ್ಲಿ ಕೆಮ್ಮು ಬರಿಸುವ ಹೊಗೆ ಇಲ್ಲ. ಎಲ್ಲಕ್ಕಿಂತ ಸೊಗಸು ಇಳಿಯುವಾಗ ನಡೆಯುವ ವ್ಯವಹಾರ. ಇಳಿಜಾರಿನಲ್ಲಿ ಮೋಟಾರುಗಳೇ ಜನರೇಟರುಗಳಾಗಿ ತಿರುಗಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತವೆ. ಆ ಕರೆಂಟನ್ನು ಡೀಸೆಲ್ ಎಂಜಿನ್ ಮಾಡುತ್ತಿದ್ದದ್ದೇನು? ಒಲೆಯ ಕಾಯಿಲ್‌ನಂಥ ಜಾಲರಿಗೆ ಕೊಟ್ಟು, ಫ್ಯಾನ್ ಹಾಕಿ, ಬಿಸಿಗಾಳಿಯಾಗಿ ಕಾಡಿಗೆ ಊದಿಬಿಡುತ್ತಿತ್ತು. ವಿದ್ಯುತ್ ಎಂಜಿನ್ ಅದನ್ನು ತಂತಿಗೆ ವಾಪಸ್ ಕೊಡುತ್ತದೆ. ಇಳಿಯುವ ಗಾಡಿಯ ಭಾರ ಹತ್ತುವ ಗಾಡಿಗೆ ಊಟವಾಗಬಹುದು. ಕರಾವಳಿಯವರು ಕೇಳುತ್ತಲೇ ಇರುವ ವಂದೇ ಭಾರತ್ ಕೂಡ ತಂತಿಯಿಲ್ಲದೆ ಓಡುವಂಥದಲ್ಲ. ಹಾಗೆಂದು ಘಾಟಿಯಲ್ಲಿ ಅದು ಹಾರಿಹೋಗುತ್ತದೆಂದು ಯಾರೂ ಕನಸು ಕಾಣಬೇಕಿಲ್ಲ. ತಿರುವುಗಳು ತಿರುವುಗಳೇ.

ಕೀಮ್ಯಾನ್ ಕಿವಿ

ಸದ್ದು ಹೋದರೆ ಬರೀ ನೆನಪು ಹೋಯಿತೆಂದು ತಿಳಿಯಬೇಡಿ. ಘಾಟಿಯಲ್ಲಿ ಸದ್ದಿಗೂ ಒಂದು ಕೆಲಸವಿತ್ತು.

ರೈಲ್ವೆಯಲ್ಲಿ ಕೀಮ್ಯಾನ್ ಎಂಬ ಹುದ್ದೆಯಿದೆ. ತನ್ನ ಪಾಲಿನ ಹಳಿಯುದ್ದಕ್ಕೂ ದಿನಾ ನಡೆದು, ಹಳಿಯನ್ನು ಸ್ಲೀಪರಿಗೆ ಹಿಡಿದಿಟ್ಟ ಕೀಲಿಗಳು ಸಡಿಲವಾಗಿವೆಯೇ ಎಂದು ನೋಡುವವನು. ಹೆಗಲಿಗೆ ಸುತ್ತಿಗೆ, ಸ್ಪಾನರು. ಕೈಯಲ್ಲಿ ಕೆಂಪು–ಹಸಿರು ಬಾವುಟ. ಚೀಲದಲ್ಲಿ ಅಪಾಯ ಕಂಡರೆ ಹಳಿಗೆ ಕಟ್ಟುವ ಡಿಟೊನೇಟರು. ಮಳೆಗಾಲದಲ್ಲಿ ಇವರ ಜೊತೆಗೆ ಗುಡ್ಡ ಕಾಯುವವರು, ರಾತ್ರಿ ಗಸ್ತಿನವರು. ತಿರುವಿನಲ್ಲಿ ಇಪ್ಪತ್ತು ಮಾರು ಆಚೆ ಏನೂ ಕಾಣದ, ಮಂಜು ಇಳಿದರೆ ತನ್ನ ಬೂಟೂ ಕಾಣದ ಈ ಜಾಗದಲ್ಲಿ ಅವರ ಮೊದಲ ಸಿಗ್ನಲ್ ಕಿವಿ. ಏರುವ ಡೀಸೆಲ್ ನಾಲ್ಕು ತಿರುವು ಆಚೆಯಿಂದಲೇ ಬಂದೆ ಬಂದೆ ಎನ್ನುತ್ತಿತ್ತು. ಸುರಂಗದ ಗೋಡೆಯಲ್ಲಿ ಮನುಷ್ಯ ಒತ್ತಿ ನಿಲ್ಲಲು ಗೂಡು ಕೊರೆದಿರುತ್ತಾರೆ. ಅಲ್ಲಿಗೆ ನಡೆದು ಹೋಗಿ ನಿಲ್ಲಲು ಸಮಯ ಸಿಗುತ್ತಿತ್ತು.

ವಿದ್ಯುತ್ ಎಂಜಿನ್ ಅಷ್ಟು ಮಾತುಗಾರನಲ್ಲ. ಹತ್ತಿರ ಬಂದ ಮೇಲೆ ಮೋಟಾರಿನ ಸಿಳ್ಳು, ಚಕ್ರದ ಕಿರುಗುಟ್ಟುವಿಕೆ. ಹಳಿ ಮೇಲೆ ಕೆಲಸ ಮಾಡುವವರಿಗೆ ರೈಲು ಹತ್ತಿರ ಬರುವುದನ್ನು ರೇಡಿಯೊ ಅಲೆಯಲ್ಲಿ ತಿಳಿಸುವ "ರಕ್ಷಕ್" ಎಂಬ ಸಾಧನವನ್ನು ರೈಲ್ವೆ ಕೊಡತೊಡಗಿದೆ. ಕಿವಿಯ ಕೆಲಸವನ್ನು ಒಂದು ಪೆಟ್ಟಿಗೆ ವಹಿಸಿಕೊಳ್ಳುತ್ತದೆ. ಅದು ಪ್ರತಿಯೊಬ್ಬ ಕೀಮ್ಯಾನ್‌ನ ಸೊಂಟದಲ್ಲೂ ಇರಲಿ.

ದೋಣಿಗಲ್‌ನಿಂದ ಎಡಕುಮೇರಿಗೆ ಹಳಿ ಮೇಲೆ "ಹಸಿರು ದಾರಿ ಚಾರಣ" ಹೋಗುವ ವೀಕೆಂಡ್ ವೀರರ ಬಳಿ ಅದೂ ಇರುವುದಿಲ್ಲ. ಹಳಿ ಮೇಲೆ ನಡೆಯುವುದು ಮೊದಲಿನಿಂದಲೂ ಅಪರಾಧ. ರೈಲ್ವೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಇದೆ. ಇಷ್ಟು ದಿನ ಅವರನ್ನು ಕಾಪಾಡಿದ್ದು ಅದೃಷ್ಟ ಮತ್ತು ಡೀಸೆಲ್ ಎಂಜಿನ್ನಿನ ಗದ್ದಲ. ಎರಡರಲ್ಲಿ ಒಂದು ಈಗ ಹೊರಟಿದೆ.

2021ರ ಜುಲೈನಲ್ಲಿ ಈ ದಾರಿಗೆ ಬಂದ ವಿಸ್ಟಾಡೋಮ್ ಬೋಗಿಯಲ್ಲಿ ಕೂತವರಿಗೆ ಮಾತ್ರ ಇದ್ಯಾವುದೂ ತಿಳಿಯುವುದಿಲ್ಲ. ಗಾಜಿನ ಚಾವಣಿ, ಸುತ್ತ ತಿರುಗುವ 44 ಸೀಟು, ಒಳಗೆ ತಣ್ಣನೆ ಎಸಿ. ಕಾಡು ಪೂರ್ತಿ ಕಾಣುತ್ತದೆ, ಒಂಚೂರೂ ಕೇಳಿಸುವುದಿಲ್ಲ. ಹೆಚ್ಚು ದುಡ್ಡು ಕೊಟ್ಟು ಆಕಾಶ ನೋಡಲು ಕೂತವರ ನೆತ್ತಿಯ ಮೇಲೆ ಇನ್ನು ಉದ್ದಕ್ಕೂ ತಂತಿಯೂ ಓಡುತ್ತಿರುತ್ತದೆ. ನನ್ನ ಮತ ಈಗಲೂ ಸಾದಾ ಬೋಗಿಯ ಕಬ್ಬಿಣದ ಕಿಟಕಿಗೆ.

ಮುಖವಾಡ ಹಾಕಿದ ಉಗಿಬಂಡಿ

ಹಳೆಯದನ್ನು ಉಳಿಸುವ ವಿಷಯದಲ್ಲಿ ನಮ್ಮ ರೈಲ್ವೆ ಕೈಕಟ್ಟಿ ಕೂತಿದೆ ಎನ್ನುವಂತಿಲ್ಲ. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಷ್ಟು ಹಳೆಯದು. ಅಲ್ಲಿರುವ ಮಹಾರಾಣಿ ಸಲೂನ್ 1899ರದು. ಹುಬ್ಬಳ್ಳಿಗೂ 2020ರಲ್ಲಿ ಒಂದು ವಸ್ತುಸಂಗ್ರಹಾಲಯ ಬಂತು.

ಆದರೆ ಪರಂಪರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಉಗಿಯೊಂದೇ. 2023ರ ಅಕ್ಟೋಬರಿನಲ್ಲಿ ಗುಜರಾತಿನ ಏಕತಾ ನಗರದಿಂದ ಅಹಮದಾಬಾದಿಗೆ ಶುರುವಾದ "ಹೆರಿಟೇಜ್ ರೈಲ"ನ್ನೇ ನೋಡಿ. ಮುಂದೆ ಗುಂಡನೆ ಬಾಯ್ಲರ್ ಇದೆ, ಚಿಮಣಿ ಇದೆ. ಒಳಗಿರುವುದು ವಿದ್ಯುತ್ ಎಂಜಿನ್. ಯಕ್ಷಗಾನದ ಸ್ತ್ರೀವೇಷವಾದರೆ ಅದಕ್ಕೊಂದು ಕಲೆಯ ಗೌರವವಾದರೂ ಉಂಟು. ಇದು ಫ್ಯಾನ್ಸಿ ಡ್ರೆಸ್.

ಇದರ ಇನ್ನೊಂದು ಮಗ್ಗುಲು ಹೈಡ್ರೋಜನ್. ಪಾರಂಪರಿಕ ದಾರಿಗಳಿಗೆಂದು 35 ಹೈಡ್ರೋಜನ್ ರೈಲುಗಳ ಯೋಜನೆಯನ್ನು 2023ರಲ್ಲಿ ಪ್ರಕಟಿಸಿದರು. ಚೆನ್ನೈನ ಕೋಚ್ ಕಾರ್ಖಾನೆಯಲ್ಲಿ 2025ರ ಜುಲೈನಲ್ಲಿ ಅದರ ಪವರ್ ಕಾರಿನ ಪರೀಕ್ಷೆಯೂ ನಡೆಯಿತು. ಹೊಗೆಯ ಬದಲು ನೀರಾವಿ ಬಿಡುವ ಗಾಡಿ ಒಳ್ಳೆಯದೇ. ಹಳೆಯ ಹಳಿಯ ಮೇಲೆ ಓಡುವ ಹೊಸ ಗಾಡಿ ಎಂದರೆ ಸಾಕಿತ್ತು. ಅದನ್ನೂ ಪರಂಪರೆ ಎಂದು ಕರೆದಾಗ ಆ ಪದಕ್ಕೆ ಏನು ಉಳಿಯಿತೋ ತಿಳಿಯದು.

ನಿಜವಾದ ಉಗಿಬಂಡಿ ಹೋದಾಗಲೂ ಯಾರೂ ಬೀಳ್ಕೊಡಲು ಸಾಲುಗಟ್ಟಿರಲಿಲ್ಲ. ಚಿತ್ತರಂಜನ್ ಕಾರ್ಖಾನೆ ಬ್ರಾಡ್‌ಗೇಜಿನ ಕೊನೆಯ ಉಗಿ ಎಂಜಿನ್ ಮಾಡಿದ್ದು 1970ರಲ್ಲಿ. ಅದರ ಹೆಸರೇ "ಅಂತಿಮ್ ಸಿತಾರಾ". ಬ್ರಾಡ್‌ಗೇಜಿನಲ್ಲಿ ಉಗಿಯ ದಿನನಿತ್ಯದ ಓಟ ನಿಂತದ್ದು 1995ರ ಡಿಸೆಂಬರಿನಲ್ಲಿ. ಆಗ ಉಗಿಬಂಡಿ ಎಂದರೆ ಕಣ್ಣಿಗೆ ಬೀಳುವ ಕೆಂಡದ ಹುಡಿ, ಬಿಳಿ ಅಂಗಿಯ ಮೇಲಿನ ಮಸಿ, ಲೇಟು. "ಪೀಡೆ ತೊಲಗಿತು" ಎಂದವರೇ ಹೆಚ್ಚು. ಅದು ಚೆಂದ ಕಾಣಲು ಶುರುವಾದದ್ದು ಹೋದ ಮೇಲೆ. ಈಗ ಡೀಸೆಲ್ ನಿಂತಿರುವುದು ಸರಿಯಾಗಿ ಅದೇ ಜಾಗದಲ್ಲಿ: ಪೀಡೆಯೆನಿಸುವಷ್ಟು ಹತ್ತಿರ, ಪರಂಪರೆ ಎನಿಸುವಷ್ಟು ದೂರವಲ್ಲ.

ರೈಲು ಹುಟ್ಟಿದ ದೇಶ ಈ ಹಂತವನ್ನು ಎಂದೋ ದಾಟಿದೆ. ಮುಚ್ಚಲಿದ್ದ ರೈಲುದಾರಿಯೊಂದನ್ನು ಸ್ವಯಂಸೇವಕರೇ ವಹಿಸಿಕೊಂಡು ಓಡಿಸತೊಡಗಿದ್ದು ವೇಲ್ಸ್‌ನ ಟಾಲಿಲಿನ್‌ನಲ್ಲಿ, 1951ರಲ್ಲಿ. ಅಲ್ಲಿ ಉಗಿಪ್ರಿಯರ ಪಕ್ಕದಲ್ಲೇ ಡೀಸೆಲ್‌ಪ್ರಿಯರೂ ಹುಟ್ಟಿಕೊಂಡರು. "ವೆಸ್ಟರ್ನ್" ಎಂಬ 74 ಡೀಸೆಲ್ ಎಂಜಿನ್ನುಗಳ ತಂಡ 1977ರಲ್ಲಿ ನಿವೃತ್ತವಾದಾಗ ಕೊನೆಯ ಓಟ ನೋಡಲು ಜನ ಹಳಿಯುದ್ದಕ್ಕೂ ನಿಂತರು. ಏಳು ಎಂಜಿನ್ನುಗಳನ್ನು ಗುಜರಿಯಿಂದ ಬಿಡಿಸಿ ಉಳಿಸಿಕೊಂಡರು. ಅವರಿಗೂ ಕಷ್ಟ ತಪ್ಪಿಲ್ಲ. ಉಗಿ ಎಂಜಿನ್ನುಗಳಿಗೆ ಕಲ್ಲಿದ್ದಲು ಕೊಡುತ್ತಿದ್ದ ವೇಲ್ಸ್‌ನ ಗಣಿ 2023ರ ನವೆಂಬರಿನಲ್ಲಿ ಮುಚ್ಚಿದ ಮೇಲೆ, ರೈಲಿನ 200ನೇ ವರ್ಷವನ್ನು 2025ರಲ್ಲಿ ಆಚರಿಸಿದ ಅದೇ ನಾಡು ತನ್ನ ಉಗಿಬಂಡಿಗಳಿಗೆ ಹೊರದೇಶದ ಕಲ್ಲಿದ್ದಲು ತರಿಸಿಕೊಳ್ಳುತ್ತಿದೆ.

ಬಾಕ್ಸ್ | ಇಲ್ಲದ ಊರಿನ ಇರುವ ನಿಲ್ದಾಣ

ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ, ರಿಪ್ಪನ್‌ಪೇಟೆಗೆ ಹತ್ತಿರದಲ್ಲಿ, ಅರಸಾಳು ಎಂಬ ಸಣ್ಣ ನಿಲ್ದಾಣ. ಶಂಕರ್‌ನಾಗ್ 1980ರ ದಶಕದಲ್ಲಿ ಆರ್.ಕೆ. ನಾರಾಯಣ್ ಕಥೆಗಳನ್ನು "ಮಾಲ್ಗುಡಿ ಡೇಸ್" ಧಾರಾವಾಹಿ ಮಾಡಿದಾಗ ಇದೇ ಮಾಲ್ಗುಡಿ ಸ್ಟೇಷನ್ ಆಯಿತು. ಗೇಜ್ ಪರಿವರ್ತನೆಯ ನಂತರ ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು ರೈಲ್ವೆ ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆಯಿತು. ನಿಜದ ನಿಲ್ದಾಣವೊಂದು ಉಳಿದುಕೊಂಡದ್ದು ಕಥೆಯ ಊರಿನ ಪುಣ್ಯದಿಂದ.

ಕೂನೂರಿನಿಂದ ಮೇಲೆ

ಉಳಿಸುವುದು ಅಂದರೇನು ಎಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಗುಂಡ್ಲುಪೇಟೆ ದಾಟಿ, ಬಂಡೀಪುರ ದಾಟಿ, ಊಟಿಗೆ ಹೋದರೆ ಸಾಕು. ಕನ್ನಡದ ಒಡಹುಟ್ಟಿದಂಥ ಬಡಗ ಮಾತು ಕೇಳುವ ಆ ಬೆಟ್ಟದಲ್ಲಿ ನೀಲಗಿರಿ ರೈಲು ಇದೆ. ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಬಂದ ಮೀಟರ್‌ಗೇಜ್ ಗಾಡಿ. 2005ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನಮ್ಮ ಘಾಟಿಯ ಐವತ್ತಕ್ಕೆ ಒಂದು ಇಲ್ಲಿ ಸಪಾಟು ನೆಲ. ಕಲ್ಲಾರ್ ದಾಟಿದರೆ ಏರು ಹನ್ನೆರಡಕ್ಕೆ ಒಂದರ ಹತ್ತಿರ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹೊಟ್ಟೆಯ ಹಲ್ಲುಗಾಲಿ ಅದನ್ನು ಕಚ್ಚಿ ಕಚ್ಚಿ ಹತ್ತುತ್ತದೆ. ಎಂಜಿನ್ ಇರುವುದು ಮುಂದಲ್ಲ, ಕೆಳಗೆ, ಹಿಂದಿನಿಂದ ನೂಕುತ್ತದೆ. ಒಂದೊಂದು ಬೋಗಿಗೂ ಒಬ್ಬ ಬ್ರೇಕ್‌ಮನ್. ಎಂಜಿನ್ನಿನ ಶಿಳ್ಳೆಯ ಸಂಕೇತ ಕೇಳಿ ಅವರೆಲ್ಲ ಒಟ್ಟಿಗೆ ಬ್ರೇಕು ಹಾಕುತ್ತಾರೆ, ಬಿಡುತ್ತಾರೆ. ಇಲ್ಲಿ ಇನ್ನೂ ಕಿವಿಗೆ ಕೆಲಸವಿದೆ.

ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ ಬಂದ ಎಕ್ಸ್ ಕ್ಲಾಸ್ ಎಂಜಿನ್ನುಗಳು ಮುದಿಯಾದಾಗ ರೈಲ್ವೆ ಅವುಗಳ ತದ್ರೂಪು ಬೊಂಬೆ ಮಾಡಲಿಲ್ಲ. ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹೊಸ ಉಗಿ ಎಂಜಿನ್ನುಗಳನ್ನೇ ಕಟ್ಟಿತು. ಕಲ್ಲಿದ್ದಲಿನ ಜಾಗದಲ್ಲಿ ಎಣ್ಣೆ ಉರಿಸುವವು ಮೊದಲು ಬಂದವು. 2021ರಲ್ಲಿ ಕಲ್ಲಿದ್ದಲಿನದೂ ಒಂದು ಬಂತು. ಇಪ್ಪತ್ತೊಂದನೇ ಶತಮಾನದಲ್ಲಿ ಬಾಯ್ಲರ್ ತಟ್ಟಿ, ರಿವೆಟ್ ಹೊಡೆದು, ಉಗಿ ಎಂಜಿನ್ ಕಟ್ಟಬಲ್ಲ ಕೈಗಳು ನಮ್ಮ ನೆರೆಯಲ್ಲೇ ಇವೆ. ಅಲ್ಲಿ ಎಂಜಿನ್ನಿಗಿಂತ ಹೆಚ್ಚಾಗಿ ಉಳಿದದ್ದು ಆ ವಿದ್ಯೆ ಎಂದು ನನ್ನ ಎಣಿಕೆ.

ಕೂನೂರಿನಲ್ಲಿ ಒಂದು ತಮಾಷೆ ನಡೆಯುತ್ತದೆ. ಉಗಿ ಎಂಜಿನ್ ಕಳಚಿಕೊಳ್ಳುತ್ತದೆ. ಫೋನುಗಳೆಲ್ಲ ಅದರ ಹಿಂದೆ ಓಡುತ್ತವೆ, ನೀರು ಕುಡಿಯುವುದನ್ನೂ ಬಿಡದೆ ಹಿಡಿಯುತ್ತವೆ. ಅಷ್ಟರಲ್ಲಿ ಇನ್ನೊಂದು ಎಂಜಿನ್ ಸದ್ದು ಮಾಡುತ್ತಾ ಬಂದು ಗಾಡಿಗೆ ಕೂಡಿಕೊಳ್ಳುತ್ತದೆ. ವೈಡಿಎಂ-4, ಡೀಸೆಲ್, ಆಲ್ಕೊ ಸಂತತಿ. ಕೂನೂರಿನಿಂದ ಊಟಿಯವರೆಗಿನ ಸುಮಾರು 19 ಕಿಲೋಮೀಟರ್ ಸಾಮಾನ್ಯವಾಗಿ ಎಳೆಯುವವನು ಅವನೇ. ನಮ್ಮ ಕಡೆಯ ಮೀಟರ್‌ಗೇಜ್ ಹಳಿಗಳ ಮೇಲೆ ಓಡಿ, ಗೇಜ್ ಬದಲಾದಾಗ ಹೇಳದೆ ಕೇಳದೆ ಮಾಯವಾದ ಅದೇ ಜಾತಿ.

ನಾನು ಹೋದ ದಿನ ಅವನ ಫೋಟೊ ತೆಗೆದವರು ಒಬ್ಬರೂ ಇರಲಿಲ್ಲ. ಹೊರಡುವಾಗ ನೆತ್ತಿಯಿಂದ ಕಪ್ಪು ಹೊಗೆ ಬುಸ್ಸೆಂದಿತು. ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಉಗಿಬಂಡಿಯನ್ನು ಹಿಡಿದ ವಿಡಿಯೊ ನೋಡುತ್ತಾ ಕೂತರು.

ಡೀಸೆಲ್ ನಾಳೆ ಬೆಳಗಾಗುವುದರೊಳಗೆ ಮಾಯವಾಗುವುದಿಲ್ಲ. ತಂತಿ ತುಂಡಾದಾಗ, ಗುಡ್ಡ ಜರಿದಾಗ ಮೊದಲು ಕರೆ ಹೋಗುವುದು ಅದಕ್ಕೇ. ಬಿಹಾರದ ಮಢೌರಾ ಕಾರ್ಖಾನೆಯಿಂದ 2025ರಲ್ಲಿ ಆಫ್ರಿಕಾದ ಗಿನಿ ದೇಶಕ್ಕೆ ಹೊಸ ಡೀಸೆಲ್ ಎಂಜಿನ್ನುಗಳು ಹೊರಟವು, ಅದಿರು ಎಳೆಯಲು. ಹುಬ್ಬಳ್ಳಿ, ಕೃಷ್ಣರಾಜಪುರದ ಡೀಸೆಲ್ ಶೆಡ್‌ಗಳು ಈಗ ವಿದ್ಯುತ್ ಎಂಜಿನ್ನುಗಳನ್ನೂ ನೋಡಿಕೊಳ್ಳುತ್ತಿವೆ. ಅಲ್ಲಿ ಒಂದೆರಡು ಹಳೆಯ ಎಂಜಿನ್ನುಗಳನ್ನು ಬಣ್ಣ ಬಳಿದು ಗೇಟಿನ ಮುಂದೆ ಕಟ್ಟೆ ಮೇಲೆ ಕೂರಿಸಬಹುದು. ಅದು ಬೊಂಬೆ. ಒಂದನ್ನಾದರೂ ಓಡುವ ಸ್ಥಿತಿಯಲ್ಲಿಟ್ಟು, ಅದರ ಟರ್ಬೊ ಬಿಚ್ಚಿ ಕೂಡಿಸಬಲ್ಲ ಇಬ್ಬರನ್ನು ಜೊತೆಗಿಟ್ಟು, ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಘಾಟಿ ಹತ್ತಿಸಿದರೆ ಟಿಕೆಟಿಗೆ ಕ್ಯೂ ನಿಲ್ಲುವವರಲ್ಲಿ ಮೊದಲಿಗ ನಾನು. ಎರಡನೆಯವರೂ ಸಿಗುತ್ತಾರೆ, ಹುಬ್ಬಳ್ಳಿ ಎಂಜಿನ್ನಿನ ನಂಬರುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಹುಡುಗರು ಈ ರಾಜ್ಯದಲ್ಲಿ ನೀವು ತಿಳಿದದ್ದಕ್ಕಿಂತ ಹೆಚ್ಚಿದ್ದಾರೆ.

ಎಡಕುಮೇರಿಯ ಆ ರೆಕಾರ್ಡಿಂಗ್ ಇನ್ನೂ ನನ್ನ ಫೋನಿನಲ್ಲಿದೆ. ಹನ್ನೊಂದು ನಿಮಿಷ ಚಿಲ್ಲರೆ. ಮೊದಲ ಮೂರು ನಿಮಿಷ ಮಳೆ, ಡಬ್ಬಿಯ ಮುಚ್ಚಳ, ಯಾರದೋ ಕೆಮ್ಮು. ಆಮೇಲೆ ಮೊರೆತ ಬೆಳೆಯುತ್ತದೆ, ಮುಂದಿನ ಎರಡು ಎಂಜಿನ್ ದಾಟುತ್ತವೆ, ವ್ಯಾಗನ್ನುಗಳ ತಾಳ ಶುರುವಾಗುತ್ತದೆ. ಹಿಂದಿನ ಮೂರು ಬಂದಾಗ ಫೋನಿನ ಮೈಕು ಸೋತು ಬರೀ ಗರಗರ. ನಂತರ ಮತ್ತೆ ಮಳೆ, ಕಪ್ಪೆ.

"ಹೋಯ್ತಲ್ಲ" ಎನ್ನುತ್ತಾರೆ ಹಿರಿಯರು.

ಪಕ್ಕದ ಸೀಟಿನ ಮಗುವಿನ ಧ್ವನಿ: "ಇಲ್ಲ ತಾತ, ಇನ್ನೂ ಕೇಳ್ತಿದೆ."

ಇಯರ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಪೂರ್ತಿ ಏರಿಸಿದರೆ ಗೊತ್ತಾಗುತ್ತದೆ. ಮಗು ಹೇಳಿದ್ದು ಸರಿ. ಇನ್ನೂ ನಲವತ್ತು ಸೆಕೆಂಡು ಕೇಳಿಸುತ್ತದೆ.